ಎಡಿಸ್ಟೊ ಹೊಳೆಯ ಬದಿ, ಐರಿನ್‌ಳ ಗಾಡಿಮನೆಯಲ್ಲಿ

ಜರ್ಮನ್‌ಟೌನ್

ಐರಿನ್ ತನ್ನ ಮನೆಯನ್ನೇ ಎಳೆದುಕೊಂಡು ಬಂದಳು. ಮುಂದೆ ಒಂದು ಹಳೆಯ ಪಿಕಪ್ ಟ್ರಕ್, ಅದರ ಬೆನ್ನಿಗೆ ಕೊಂಡಿ ಹಾಕಿದ ಬಿಳಿ ಡಬ್ಬಿಯಂಥ ಟ್ರೇಲರ್. ಟ್ರೇಲರಿಗೊಂದು ಬಾಗಿಲು, ಮೂರು ಕಿಟಕಿ, ಕಿಟಕಿಗೆ ಹೂವಿನ ಪರದೆ. ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ನನ್ನ ತಮ್ಮನ ಮಗಳು ಸುಮಾ ಇರುವ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅದು ಐದು ಕಾರುಗಳ ಜಾಗ ನುಂಗಿ ಅಡ್ಡಡ್ಡ ನಿಂತಾಗ ಬಾಲ್ಕನಿಗಳಿಂದ ಜನ ಹಣಿಕಿದರು. ಅರವತ್ತೆಂಟು ವರ್ಷದ ಹೆಂಗಸೊಬ್ಬಳು ಜೀನ್ಸ್ ಹಾಕಿಕೊಂಡು ಡ್ರೈವರ್ ಸೀಟಿನಿಂದ ಧುಮುಕಿದ್ದನ್ನು ಕಂಡು ಸುಮಾ ನನ್ನ ಕಿವಿಯ ಹತ್ತಿರ ಬಂದು, “ಅತ್ತೆ, ನಿಮ್ಮ ಸ್ಕೂಲ್ ಫ್ರೆಂಡ್ ಅಂದ್ರೆ ಇವ್ರೇನಾ?” ಎಂದಳು.

ಇವಳೇ. ಮೈಸೂರಿನ ಕಾನ್ವೆಂಟಿನಲ್ಲಿ ಏಳನೇ ವಯಸ್ಸಿನಿಂದ ಹದಿನಾರರವರೆಗೆ ಒಂದೇ ಬೆಂಚಿನಲ್ಲಿ ಕೂತವಳು. ಅವಳು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಹುಡುಗಿ, ಬೋರ್ಡಿಂಗಿನಲ್ಲಿದ್ದಳು. ನಾನು ಮನೆಯಿಂದ ಮೊಸರನ್ನದ ಡಬ್ಬಿ ತರುವ ಬ್ರಾಹ್ಮಣರ ಹುಡುಗಿ. ಅವಳು ನರ್ಸ್ ಆಗಿ ಅಟ್ಲಾಂಟಾಕ್ಕೆ ಬಂದು ಮೂವತ್ತು ವರ್ಷ ಅಲ್ಲಿನ ಆಸ್ಪತ್ರೆಯಲ್ಲಿ ದುಡಿದು, ಅಲ್ಲಿಯವನನ್ನೇ ಮದುವೆಯಾಗಿ, ಅವನನ್ನು ಮಣ್ಣು ಮಾಡಿ, ಮನೆ ಮಾರಿ, ಈ ಗಾಡಿ ಕೊಂಡಿದ್ದಳು. ನಾನು ಮೈಸೂರಿನಲ್ಲೇ ಉಳಿದು ಹೈಸ್ಕೂಲ್ ಹುಡುಗಿಯರಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದೆ.

“ಎಂತ ಮಾರಾಯ್ತಿ ವಿಶೂ, ಇಷ್ಟು ಸಣ್ಣ ಆಗಿದ್ದೀ! ನಿಂಗೆ ಯಾರೂ ತಿನ್ಲಿಕ್ಕೆ ಕೊಡುವುದಿಲ್ವಾ?” ಎಂದಳು ಐರಿನ್.

ಸುಮಾಳ ಮುಖ ಕೆಂಪಾಯಿತು. ಪಾಪ, ಅವಳ ತಪ್ಪೇನೂ ಇರಲಿಲ್ಲ.

ನನ್ನ ಪರಿಸ್ಥಿತಿ ಏನಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಯಜಮಾನರು ತೀರಿಕೊಂಡು ಎರಡು ವರ್ಷ ಆಗಿತ್ತು. ಮಕ್ಕಳಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನನ್ನು ನಾಲ್ಕು ಟ್ರಂಕಿಗೆ ತುಂಬಿ ತಮ್ಮನ ಮನೆಯ ಅಟ್ಟಕ್ಕೆ ಹಾಕಿ, ಆರು ತಿಂಗಳ ವೀಸಾದಲ್ಲಿ ಸುಮಾಳ ಮನೆಗೆ ಬಂದಿದ್ದೆ. ವಾಪಸ್ಸು ಹೋದರೆ ಮೈಸೂರಿನ ಹೊರಗೆ ಒಂದು ವೃದ್ಧಾಶ್ರಮದಲ್ಲಿ ರೂಮು ಗೊತ್ತಾಗಿತ್ತು. ಹೋಗಿ ನೋಡಿಯೂ ಬಂದಿದ್ದೆ. ಕ್ಲೀನ್ ಆಗಿತ್ತು. ಊಟದ ಹಾಲಿನಲ್ಲಿ ಮೂವತ್ತು ಜನ ಒಬ್ಬರನ್ನೊಬ್ಬರು ನೋಡದೆ ಉಣ್ಣುತ್ತಿದ್ದರು.

ಐರಿನ್ ಪ್ರತಿ ಚಳಿಗಾಲ ಗಾಡಿಯಲ್ಲಿ ಫ್ಲಾರಿಡಾಕ್ಕೆ ಹೋಗಿ ಏಪ್ರಿಲ್‌ವರೆಗೆ ಹೊಳೆ ಬದಿಗಳಲ್ಲಿ ಇರುತ್ತಾಳೆ. ವೀಸಾವನ್ನು ಇನ್ನಾರು ತಿಂಗಳು ಎಕ್ಸ್‌ಟೆಂಡ್ ಮಾಡಿಸಬಹುದು ಎಂದು ಸುಮಾ ವಿಚಾರಿಸಿ ಹೇಳಿದ್ದಳು. ಹತ್ತು ದಿನ ಕ್ಯಾಂಪಿಂಗಿಗೆ ಬಾ ಎಂದು ಐರಿನ್ ಫೋನು ಮಾಡಿದಾಗಲೇ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದೆ. ಅವಳು “ನನ್ನ ಜೊತೆ ಇರು” ಎಂದರೆ ಇದ್ದುಬಿಡುವುದು. ಅಷ್ಟೇ ಆಸೆ ಕಟ್ಟಿಕೊಂಡು ಗಾಡಿ ಹತ್ತಿದೆ.

ಹೆದ್ದಾರಿ

ದಕ್ಷಿಣಕ್ಕೆ ಎರಡು ದಿನದ ದಾರಿ. ವಾಷಿಂಗ್ಟನ್ನಿನ ಸುತ್ತಿನ ರಸ್ತೆಯಲ್ಲಿ ಲಾರಿಗಳ ಮಧ್ಯೆ ಈ ಬಾಲವನ್ನು ಎಳೆದುಕೊಂಡು ಐರಿನ್ ನುಗ್ಗುವಾಗ ನಾನು ಕಣ್ಣು ಮುಚ್ಚಿಕೊಂಡೆ. “ಪ್ರೇಯರ್ ಮಾಡ್ತಿದ್ದೀಯಾ? ನಂದೂ ಒಂದು ಸೇರ್ಸು,” ಎಂದಳು.

ಮೊದಲ ರಾತ್ರಿ ನಾರ್ತ್ ಕ್ಯಾರೊಲೈನಾದ ಯಾವುದೋ ದೊಡ್ಡ ಅಂಗಡಿಯ ಪಾರ್ಕಿಂಗಿನಲ್ಲಿ ತಂಗಿದೆವು. ಇಲ್ಲಿ ಹಾಗೆ ಗಾಡಿ ನಿಲ್ಲಿಸಿ ಮಲಗಲು ಬಿಡುತ್ತಾರೆ. ಯಾರೂ ಬಂದು ಯಾವ ಊರು, ಯಾರ ಕಡೆಯವರು ಎಂದು ಕೇಳುವುದಿಲ್ಲ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ನಾಲ್ಕು ಜನ ಸೇರಿ ನಮ್ಮ ಗೋತ್ರ ತಿಳಿದುಕೊಂಡಿರುತ್ತಿದ್ದರು. ಟ್ರೇಲರಿನೊಳಗೆ ಮಲಗುವ ಜಾಗ ಎರಡೇ. ಹಿಂದಿನ ಮಂಚ ಐರಿನ್‌ಳದು. ಊಟದ ಮೇಜನ್ನು ಕೆಳಗಿಳಿಸಿ ಮೆತ್ತೆ ಹಾಕಿದರೆ ಇನ್ನೊಂದು. ಅದು ನನ್ನದಾಯಿತು. ಕಾಲು ಚಾಚಿದರೆ ಸ್ಟೌವಿಗೆ ತಾಗುತ್ತಿತ್ತು. ಆದರೂ ಅಂಥ ನಿದ್ದೆ ಎರಡು ವರ್ಷದಿಂದ ಬಂದಿರಲಿಲ್ಲ.

ಮರುದಿನ ಸೌತ್ ಕ್ಯಾರೊಲೈನಾದ ರಸ್ತೆ ಬದಿಯಲ್ಲಿ ಒಬ್ಬ ಮುದುಕ ದೊಡ್ಡ ಹಂಡೆಯಿಟ್ಟುಕೊಂಡು ಏನನ್ನೋ ಕುದಿಸುತ್ತಿದ್ದ. ಇಳಿದು ನೋಡಿದರೆ ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ! ನಾನು ಅಲ್ಲೇ ನಿಂತು ಬಿಸಿಬಿಸಿಯಾಗಿ ಸುಲಿದು ತಿನ್ನುವುದನ್ನು ನೋಡಿ ಮುದುಕ, ನೀವು ಯಾವ ಕೌಂಟಿಯವರು, ಅಂದರೆ ಯಾವ ಜಿಲ್ಲೆಯವರು, ಎಂದು ಕೇಳಿದ. ಮೈಸೂರು ಎಂದೆ. ಅವನು ಗಂಭೀರವಾಗಿ ತಲೆಯಾಡಿಸಿ, ಆ ಕಡೆಗೆ ತಾನು ಹೋದದ್ದು ಕಡಿಮೆ ಎಂದ. ಐರಿನ್ ಆ ಮಾತು ಹೇಳಿಕೊಂಡು ಹದಿನೈದು ಮೈಲಿ ನಕ್ಕಳು.

ಹೊಳೆ

ಎಡಿಸ್ಟೊ ಹೊಳೆಯ ನೀರು ಕಪ್ಪು. ಕೊಳಕು ಕಪ್ಪಲ್ಲ, ಫಿಲ್ಟರಿನಿಂದ ಆಗ ತಾನೇ ಇಳಿದ ಡಿಕಾಕ್ಷನ್ನಿನ ಕಪ್ಪು. ಬೊಗಸೆಯಲ್ಲಿ ಹಿಡಿದರೆ ಕೆಂಪು ಟೀ. ಮರದೆಲೆಗಳೂ ಬೇರುಗಳೂ ನೆನೆದು ನೆನೆದು ಆ ಬಣ್ಣವಂತೆ. ದಂಡೆಯ ಮರಳು ಮಾತ್ರ ಸಕ್ಕರೆಯಷ್ಟು ಬಿಳಿ. ನೀರಿನೊಳಗೇ ನಿಂತ ಸೈಪ್ರೆಸ್ ಮರಗಳಿಂದ ಬೂದುಬಣ್ಣದ ಹಾವಸೆ ಬೈರಾಗಿಗಳ ಜಟೆಯ ಹಾಗೆ ಜೋತಿರುತ್ತದೆ. ಸದ್ದೇ ಇಲ್ಲದೆ ಹರಿಯುವ ಹೊಳೆ. ಕಾವೇರಿಯನ್ನು ನೋಡಿದವರಿಗೆ ಇದು ಹರಿಯುತ್ತಿದೆಯೋ ಇಲ್ಲವೋ ಎಂದು ಒಂದು ಎಲೆ ಹಾಕಿ ನೋಡಬೇಕೆನಿಸುತ್ತದೆ.

ಅದರ ದಂಡೆಯ ಕ್ಯಾಂಪಿನಲ್ಲಿ ನನಗೆ ಸಿಕ್ಕಿದ ಮೊದಲ ಕೆಲಸ, ಐರಿನ್ ಟ್ರೇಲರನ್ನು ರಿವರ್ಸ್ ಮಾಡುವಾಗ ಹಿಂದೆ ನಿಂತು ದಾರಿ ಹೇಳುವುದು. ನಾನು ಅವಳಿಗೆ ಬೆನ್ನು ಹಾಕಿ ಜಾಗದ ಕಡೆ ನೋಡುತ್ತಾ ನಿಂತು ನನ್ನ ಬಲಗೈ ಬೀಸಿದೆ. ಅವಳು ತನ್ನ ಬಲಕ್ಕೆ ತಿರುಗಿಸಿದಳು. ಧಡ್ ಎಂದು ಗಾಡಿಯ ಹಿಂಬದಿಯ ದೀಪ ಮರದ ಬೆಂಚಿಗೆ ಬಡಿದು ಪುಡಿಯಾಯಿತು. “ಮೂವತ್ತೈದು ವರ್ಷ ಟೀಚರ್ ಆಗಿದ್ದಿಯಲ್ಲ, ಮಕ್ಕಳು ಎಲ್ಲಿಗೆ ಹೋಗಿ ಮುಟ್ಟಿದ್ರು ಮಾರಾಯ್ತಿ?” ಎಂದಳು.

ಎರಡನೇ ಕೆಲಸವನ್ನು ಬರೆಯಲು ಸಂಕೋಚ. ಟಾಯ್ಲೆಟ್ಟಿನ ಟ್ಯಾಂಕನ್ನು ಮೂರು ದಿನಕ್ಕೊಮ್ಮೆ ಒಂದು ದಪ್ಪ ಪೈಪು ಹಾಕಿ ಕ್ಯಾಂಪಿನ ಗುಂಡಿಗೆ ಖಾಲಿ ಮಾಡಬೇಕು. ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಸೀರೆಯ ಸೆರಗು. “ನಿಮ್ಮ ಅಜ್ಜಿ ಈಗ ನಿನ್ನ ನೋಡ್ಬೇಕಿತ್ತು,” ಎಂದಳು ಐರಿನ್. ನಾನೂ ನಕ್ಕೆ. ಅಜ್ಜಿ ಆ ಕಾಲದಲ್ಲಿ, ಐರಿನ್ ಕೂತು ಎದ್ದ ಜಗಲಿಗೆ ನೀರು ಹಾಕಿ ತೊಳೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಯಾವತ್ತೂ ಹೇಳಿದವಳಲ್ಲ.

ಪಕ್ಕದ ಜಾಗದಲ್ಲಿ ಡಾರ್ಲೀನ್ ಎಂಬ ಬಿಳಿಯ ಹೆಂಗಸು ಇದ್ದಳು. ಎಪ್ಪತ್ತೊಂದು ವರ್ಷ, ಒಹಾಯೊದವಳು, ಗಂಡನಿಲ್ಲ. ಸಂಜೆಯಾದರೆ ಮಡಿಸುವ ಕುರ್ಚಿ ಹಿಡಿದುಕೊಂಡು ನಮ್ಮ ಬೆಂಕಿಯ ಹತ್ತಿರ ಬಂದುಬಿಡುವಳು. ಮೊದಲ ದಿನವೇ ನಮ್ಮ ಪಾತ್ರೆಯೊಳಗೆ ಇಣುಕಿ, ಅದೇನು, ನನಗೂ ಸ್ವಲ್ಪ ಬೇಕು ಎಂದಳು. ನನಗೆ ಗಾಬರಿ. ಕೇಳಿಯೇ ಬಿಟ್ಟಳಲ್ಲ! ಒಂದು ಮಗ್ ತುಂಬ ಸಾರು ಕುಡಿದು, ಮೂಗು ಒರೆಸಿಕೊಂಡು, ಇನ್ನೊಂದು ಕೊಡು ಎಂದಳು. ಅವಳು ಮಲಗುವುದು ತನ್ನ ಹಳೆಯ ಸ್ಟೇಷನ್ ವ್ಯಾಗನ್ ಕಾರಿನ ಹಿಂದಿನ ಸೀಟು ಮಡಿಸಿದ ಜಾಗದಲ್ಲಿ. ಅದೇನೂ ರಜೆಯ ಮೋಜಲ್ಲ, ಅವಳಿಗೆ ಇರುವ ಮನೆಯೇ ಅದು ಎಂದು ತಿಳಿಯಲು ನನಗೆ ನಾಲ್ಕು ದಿನ ಹಿಡಿಯಿತು.

ಮರಳ ದಿಬ್ಬ

ಐದನೇ ದಿನ ಕ್ಯಾಂಪು ಬಿಟ್ಟು ಇನ್ನೂ ಕೆಳಗಿನ ಒಂದು ಮರಳ ದಿಬ್ಬಕ್ಕೆ ಹೋದೆವು. ಅಲ್ಲಿ ನಲ್ಲಿ ಇಲ್ಲ, ಕರೆಂಟಿಲ್ಲ, ಕಾಡು ಮತ್ತು ಹೊಳೆ ಮಾತ್ರ. ಕುಡಿಯುವ ನೀರನ್ನು ಕ್ಯಾನುಗಳಲ್ಲಿ ಹೊತ್ತೊಯ್ದೆವು. ಡಾರ್ಲೀನಳೂ ವ್ಯಾಗನ್ ಓಡಿಸಿಕೊಂಡು ಹಿಂದೆಯೇ ಬಂದಳು. ಯಾರೂ ಕರೆದಿರಲಿಲ್ಲ. ನಾನೂ ಬರುತ್ತೇನೆ ಎಂದಿದ್ದಳು, ಬಂದಳು.

ಸಂಜೆ ನಾಲ್ಕರ ಹೊತ್ತು. ನಾನು ಹೊಳೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮರಳು ಹಾಕಿ ಪಾತ್ರೆ ತಿಕ್ಕುತ್ತಿದ್ದೆ. ಐರಿನ್ ಪಕ್ಕದಲ್ಲಿ ಕಾಲು ಇಳಿಬಿಟ್ಟುಕೊಂಡು ತೊಳೆದದ್ದನ್ನು ಒರೆಸುತ್ತಿದ್ದಳು. ಎದುರು ದಡದಲ್ಲಿ ಮರದ ಕೊರಡಿನಂತೆ ಒಂದು ಮೊಸಳೆ ಬಿಸಿಲು ಕಾಯುತ್ತಿತ್ತು.

“ವಿಶೂ,” ಎಂದಳು, “ಈ ವಿಂಟರ್ ನನ್ನ ಜೊತೆ ಬರ್ತೀಯಾ? ಫ್ಲಾರಿಡಾಕ್ಕೆ. ಏಪ್ರಿಲ್‌ವರೆಗೆ. ನಂಗೂ ಒಬ್ಬಳೇ ಡ್ರೈವ್ ಮಾಡಿ ಬೇಜಾರು ಬಂದುಂಟು.”

ನನ್ನ ಕೈಯಲ್ಲಿ ಬಾಣಲೆ ಇತ್ತು. ಇದೇ ಮಾತಿಗೆ ನಾನು ಐನೂರೈವತ್ತು ಮೈಲಿ ಬಂದಿದ್ದೆ.

“ಅಯ್ಯೋ, ಬೇಡಪ್ಪಾ,” ಎಂದೆ. “ನಿನಗ್ಯಾಕೆ ತೊಂದ್ರೆ. ನಾನು ಹೋಗ್ಬೇಕು, ಅಲ್ಲಿ ರೂಮೆಲ್ಲ ಹೇಳಿಟ್ಟಿದೀನಿ.”

ಹೇಳಿ, ಕಾದೆ.

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಂದು ಕರೆಗೆ ಯಾರು ಹೂಂ ಎನ್ನುತ್ತಾರೆ? ಬೇಡ ಎನ್ನಬೇಕು. ಅವರು “ಏ, ಸುಮ್ನಿರಿ, ತೊಂದ್ರೆ ಎಂಥದು” ಎನ್ನಬೇಕು. ನಾವು ಇನ್ನೊಮ್ಮೆ ಬೇಡವೆಂದು ಸೆರಗು ಎಳೆದುಕೊಳ್ಳಬೇಕು. ಮೊದಲನೆಯದು ಬಾಯಿಮಾತು, ಎರಡನೆಯದು ಮನಸ್ಸು, ಮೂರನೆಯದಕ್ಕೆ ಎಲೆ ಹಾಕುತ್ತಾರೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೇಳಿಕೊಟ್ಟದ್ದೂ ಅದೇ. ಬಿಸ್ಕತ್ತಿನ ತಟ್ಟೆ ಮೊದಲ ಸಲ ಬಂದಾಗ ‘ನೋ ಥ್ಯಾಂಕ್ಯೂ, ಸಿಸ್ಟರ್’ ಎನ್ನದೆ ಕೈ ಚಾಚಿದವಳು ‘ಫಾರ್ವರ್ಡ್’ ಹುಡುಗಿ. ಆ ಪಾಠ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತಿದ್ದೆವು. ಹಾಗಾಗಿ ಅವಳು ಇನ್ನೊಮ್ಮೆ ಕೇಳುತ್ತಾಳೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

“ಆಯ್ತು ಹಾಗಾದ್ರೆ,” ಎಂದಳು ಐರಿನ್. ಲೋಟ ಒರೆಸಿ ಬುಟ್ಟಿಗೆ ಹಾಕಿದಳು. “ಆ ಮೊಸಳೆ ನೋಡು, ಬಾಯಿ ತೆರೆದುಕೊಂಡೇ ನಿದ್ರೆ ಮಾಡ್ತದೆ.”

ಕಾದ ಮೂರು ದಿನ

ಊಟಕ್ಕೆ ಕೂತಾಗ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಬೆಳಿಗ್ಗೆ ಕಾಫಿಗೆ ಕೂತಾಗಲೂ ಇಲ್ಲ.

ನಾನೇ ದಾರಿ ಮಾಡಿಕೊಡಲು ನೋಡಿದೆ. “ಫ್ಲಾರಿಡಾದಲ್ಲಿ ಡಿಸೆಂಬರಿನಲ್ಲೂ ಬಿಸಿಲಂತೆ?” ಎಂದು ಕೇಳಿದೆ. ಹೌದು, ಒಳ್ಳೇ ಬಿಸಿಲುಂಟು ಎಂದಳು. “ಸುಮಾ ವೀಸಾ ಎಕ್ಸ್‌ಟೆನ್ಷನ್ ಬಗ್ಗೆ ಏನೋ ವಿಚಾರಿಸ್ತಿದ್ಲು,” ಎಂದೆ. ಒಳ್ಳೇ ಹುಡುಗಿ ಅವಳು ಎಂದಳು. ಕೊನೆಗೆ ನಾಚಿಕೆ ಬಿಟ್ಟು, “ಈ ಮೇಜಿನ ಮಂಚ ನನಗೆ ಎಷ್ಟು ಚೆನ್ನಾಗಿ ಒಗ್ಗಿಹೋಗಿದೆ ನೋಡು,” ಎಂದೆ. ಆಗ ಅವಳು ನನ್ನ ಕೈ ಹಿಡಿದು, “ಇನ್ನೇನು, ನಾಲ್ಕೇ ದಿನ ಅಲ್ವಾ? ಆಮೇಲೆ ನಿಂಗೆ ನಿನ್ನದೇ ರೂಮು, ನಿನ್ನದೇ ಮಂಚ,” ಎಂದಳು. ಎಷ್ಟು ಪ್ರೀತಿಯಿಂದ ಎಂದರೆ, ನಾನು ಹೌದೆಂದು ತಲೆಯಾಡಿಸಿಬಿಟ್ಟೆ.

ನೇರವಾಗಿ ಹೇಳಬಹುದಿತ್ತು. ನಾನು ಮೂವತ್ತೈದು ವರ್ಷ ಹುಡುಗಿಯರಿಗೆ ‘ಸ್ಪೀಕ್ ಅಪ್’ ಎಂದು ಗದರಿದವಳು. ಹೊಳೆಯ ದಂಡೆಯಲ್ಲಿ ಒಬ್ಬಳೇ ನಡೆಯುತ್ತಾ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಆ ವಾಕ್ಯವನ್ನು ಕಟ್ಟಿ ನೋಡಿದೆ. ಐರಿನ್, ನನ್ನನ್ನು ಕರೆದುಕೊಂಡು ಹೋಗು. ಮರಗಳಿಗೆ ಹೇಳಲು ಸುಲಭವಾಗಿತ್ತು. ಗಾಡಿಯ ಬಾಗಿಲಿಗೆ ಬಂದರೆ, ಅವಳು ಪರದೆ ಸರಿಸಿ “ಟೀ ಮಾಡ್ಲಾ?” ಎಂದರೆ, “ಬೇಡ, ನಿನಗ್ಯಾಕೆ ಕಷ್ಟ” ಎಂದುಬಿಡುತ್ತಿದ್ದೆ. ಅವಳು ಒಂದೇ ಲೋಟ ಟೀ ಮಾಡಿಕೊಂಡು ಕುಡಿಯುತ್ತಿದ್ದಳು. ಮೂವತ್ತು ವರ್ಷದ ಅಟ್ಲಾಂಟಾ ಅವಳಿಂದ ಏನನ್ನು ತೆಗೆದುಕೊಂಡಿದೆ ಎಂದು ಆ ಒಂಟಿ ಲೋಟ ನೋಡಿದಾಗ ಅರ್ಥವಾಗಬೇಕಿತ್ತು. ಮುನಿಸು ಕಣ್ಣು ಕಟ್ಟಿತ್ತು. ಬೇಕೆಂದೇ ಕೇಳುತ್ತಿಲ್ಲ, ಆ ದಿನ ಕೇಳಿದ್ದು ಬರೀ ಉಪಚಾರಕ್ಕೆ ಎಂದುಕೊಂಡೆ. ಜಗಲಿ ತೊಳೆದ ನೀರು ಅವಳಿಗೆ ಇನ್ನೂ ನೆನಪಿದೆ ಎಂದೂ ಅಂದುಕೊಂಡೆ. ಎಷ್ಟು ಕೆಟ್ಟದ್ದನ್ನು ಯೋಚಿಸಬಹುದೋ ಅಷ್ಟನ್ನೂ ಆ ಮೂರು ದಿನ ಯೋಚಿಸಿದೆ.

ಎಂಟನೇ ದಿನ ಬೆಳಿಗ್ಗೆ ಡಾರ್ಲೀನಳ ವ್ಯಾಗನ್ ಸ್ಟಾರ್ಟ್ ಆಗಲಿಲ್ಲ. ಐರಿನ್ ಹತ್ತಿರದ ಊರಿನಿಂದ ಮೆಕ್ಯಾನಿಕನನ್ನು ಕರೆತಂದಳು. ಅವನು ಒಳಗೆಲ್ಲ ನೋಡಿ, ಎಂಜಿನ್ನೇ ಹೋಗಿದೆ, ರಿಪೇರಿಗಿಂತ ಗುಜರಿಯೇ ವಾಸಿ ಎಂದ. ಡಾರ್ಲೀನ್ ಬಂದು ನಮ್ಮ ಒಲೆಯ ಹತ್ತಿರ ಕೂತಳು. ಅಳಲಿಲ್ಲ. ಗಂಜಿಯ ಬಟ್ಟಲನ್ನು ಮುಂದಕ್ಕೆಳೆದುಕೊಂಡು ಎರಡು ಚಮಚ ತಿಂದಳು. ಆಮೇಲೆ ಐರಿನ್‌ಳನ್ನು ನೋಡಿ ಹೇಳಿದಳು. ನಿನ್ನ ಗೆಳತಿ ಊರಿಗೆ ಹೋದ ಮೇಲೆ ಆ ಮೇಜಿನ ಮಂಚ ಖಾಲಿ ಇರುತ್ತದೆ ಅಲ್ಲವೆ? ನನ್ನನ್ನು ಕರೆದುಕೊಂಡು ಹೋಗು. ನನಗೆ ಹೋಗಲು ಬೇರೆ ಜಾಗ ಇಲ್ಲ.

ನಾನು ಮರಳಿನಲ್ಲಿ ನಡೆಯುತ್ತಾ ಕಟ್ಟಿ ನೋಡಿದ ಅದೇ ವಾಕ್ಯ. ಅವಳು ಗಂಜಿಯ ಬಟ್ಟಲಿನ ಮೇಲೆ ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಐರಿನ್ ನನ್ನ ಕಡೆ ನೋಡಿದಳು. ಒಂದು ಕ್ಷಣ ಕಾದಳು ಎಂದೇ ನನಗೆ ಈಗಲೂ ಅನಿಸುತ್ತದೆ. ನಾನು ಒಲೆಯ ಕಡೆ ತಿರುಗಿ ಗಂಜಿ ಕೆದಕಿದೆ.

“ಶ್ಯೂರ್, ಹನಿ,” ಎಂದಳು ಐರಿನ್, ಅವಳಿಗೆ.

ಬಸ್ ಸ್ಟಾಪು

ಹತ್ತನೇ ದಿನ ಮಧ್ಯಾಹ್ನ, ನಾನು ಸುಮಾಳ ಮನೆಗೆ ಮರಳಲು, ವಾಷಿಂಗ್ಟನ್ ಕಡೆಗೆ ಹೋಗುವ ಬಸ್ಸು. ಬಸ್ಸು ನಿಲ್ಲುವುದು ಒಂದು ಪೆಟ್ರೋಲ್ ಬಂಕಿನ ಮುಂದೆ. ಕೂರಲು ಒಂದು ಬೆಂಚು, ಕೋಲ್ಡ್‌ಡ್ರಿಂಕ್ಸಿನ ಒಂದು ಮೆಷಿನ್ನು. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತು ಬಂದಿದ್ದೆವು. ಡಾರ್ಲೀನಳ ವ್ಯಾಗನ್ನನ್ನು ಹಿಂದಿನ ದಿನ ಗುಜರಿಗೆ ಕೊಟ್ಟಾಗಿತ್ತು. ಅವಳ ಎರಡು ಬ್ಯಾಗುಗಳು, ಗಂಡನ ಫೋಟೋ, ಮಡಿಸುವ ಕುರ್ಚಿ ಎಲ್ಲ ಟ್ರೇಲರಿನ ಒಳಗೆ ಸೇರಿದ್ದವು. ನನ್ನ ಬಟ್ಟೆ ತೆಗೆದ ಗೂಡಿನಲ್ಲಿ ಅವಳ ಬಟ್ಟೆಗಳನ್ನು ಮಡಿಸಿಟ್ಟದ್ದು ನಾನೇ.

ಬಸ್ಸು ಬರುವುದು ತಡವಿತ್ತು. ಡಾರ್ಲೀನ್ ಹಟ ಮಾಡಿ ನನ್ನ ಸೂಟ್‌ಕೇಸ್ ಹಿಡಿದುಕೊಂಡು ನಿಂತಿದ್ದಳು. ಕೆಳಗಿಡು ಎಂದರೂ ಇಡಳು. ನನಗೆ ನೀನು ಮನೆ ಬಿಟ್ಟುಕೊಡುತ್ತಿದ್ದೀಯ, ಇಷ್ಟಾದರೂ ಮಾಡಬೇಡವೆ ಎಂದು ತಮಾಷೆ ಮಾಡಿದಳು.

ನಾನು ನಗಲು ಹೋದೆ. ಮುಖ ಎಲ್ಲೋ ಸೊಟ್ಟಗಾಗಿರಬೇಕು. ಐರಿನ್ ನನ್ನನ್ನೇ ನೋಡುತ್ತಿದ್ದಳು. ನರ್ಸುಗಳ ಆ ನೋಟ, ಬಟ್ಟೆಯ ಮೇಲಿನಿಂದಲೇ ಗಾಯ ಹುಡುಕುವ ನೋಟ.

“ವಿಶೂ,” ಎಂದಳು ಕನ್ನಡದಲ್ಲಿ, ಮೆಲ್ಲಗೆ. “ನೀನು ಆ ದಿನ ಬೇಡ ಅಂದದ್ದು... ಸುಮ್ನೆ ಅಂದದ್ದಾ?”

ನಾನು ಬಸ್ಸು ಬರುವ ದಾರಿಯ ಕಡೆ ನೋಡಿದೆ.

“ಓ ಮೈ ಗಾಡ್. ವಿಶೂ! ಬಾಯಿ ಇಲ್ವಾ ನಿಂಗೆ? ಒಂದು ಮಾತು ಹೇಳ್ಬಾರ್ದಾ? ನಂಗೆ ಎಲ್ಲ ಮರ್ತು ಹೋಗಿದೆ ಮಾರಾಯ್ತಿ, ಇಲ್ಲಿ ಬೇಡ ಅಂದ್ರೆ ಬೇಡ!” ಎರಡೂ ಕೈಯಲ್ಲಿ ನನ್ನ ತೋಳು ಹಿಡಿದಳು. “ಇನ್ನೂ ಬಸ್ಸು ಬರ್ಲಿಲ್ಲ. ಹೇಳು. ಬರ್ತೀಯಾ? ಇವಳಿಗೆ ನಾನೇ ಎಂತಾದ್ರೂ ಹೇಳ್ತೇನೆ.”

ಡಾರ್ಲೀನ್ ನಮ್ಮಿಬ್ಬರನ್ನೂ ನೋಡಿ ನಗುತ್ತಿದ್ದಳು. ಹಳೆಯ ಗೆಳತಿಯರು ಬೀಳ್ಕೊಡುವ ಮಾತಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು, ಕೇಳಬಾರದೆಂದು ಎರಡು ಹೆಜ್ಜೆ ಹಿಂದೆ ಸರಿದಳು. ಸರಿಯುವಾಗಲೂ ಸೂಟ್‌ಕೇಸ್ ಕೆಳಗಿಡಲಿಲ್ಲ. ಅದರ ಭಾರಕ್ಕೆ ಅವಳ ಒಂದು ಭುಜ ಕೆಳಗೆ ಬಾಗಿತ್ತು. ಈ ಬಂಕಿನ ಮುಂದೆ ಅವಳನ್ನು ಬಿಟ್ಟು ಹೋದರೆ ಅವಳಿಗೆ ಮಲಗಲು ಆ ವ್ಯಾಗನ್ನೂ ಇರಲಿಲ್ಲ.

“ಬೇಡ,” ಎಂದೆ.

“ನಿಜ ಹೇಳು ವಿಶೂ. ಬೇಡವಾ?”

ಮೂರನೆಯ ಸಲವೂ ಕೇಳಿದ್ದಳು.

“ಬೇಡ ಐರಿನ್.”

ದೂರದಲ್ಲಿ ಬಸ್ಸು ತಿರುವು ದಾಟಿ ಬರುವುದು ಕಾಣಿಸಿತು. ಐರಿನ್ ನನ್ನ ತೋಳು ಬಿಟ್ಟು ಮುಖ ಆ ಕಡೆ ಮಾಡಿದಳು. ನಾನು ಡಾರ್ಲೀನಳ ಹತ್ತಿರ ಹೋಗಿ ಸೂಟ್‌ಕೇಸಿಗೆ ಕೈ ಚಾಚಿದೆ. ಅವಳು ಅದನ್ನು ಕೊಡುವ ಮೊದಲು ನನ್ನ ಕೆನ್ನೆಗೆ ಒಂದು ಮುತ್ತು ಕೊಟ್ಟಳು. ಆಮೇಲೆ ಹಿಡಿಕೆಯನ್ನು ನನ್ನ ಕೈಗೆ ದಾಟಿಸಿ, ಹುಷಾರು, ತುಂಬ ಭಾರ ಇದೆ ಎಂದಳು.